ಶ್ರಾವಕನ ಗಿಟಾರ್

ಜೈನ ಪರಂಪರೆಯು ಗೃಹಸ್ಥನಿಗೆ ಕೊಟ್ಟ ಹೆಸರು ಶ್ರಾವಕ. ದಾನ, ಪೂಜೆ, ವ್ರತಗಳೆಲ್ಲ ಆತನ ಆಚಾರದಲ್ಲಿ ಸೇರಿದ್ದರೂ ಪದದ ಮೂಲದಲ್ಲಿರುವುದು ಒಂದೇ ಕ್ರಿಯೆ: ಕೇಳುವುದು. ಆಗಮಗಳು ಓಲೆಗರಿಗೆ ಇಳಿಯುವ ಮುನ್ನ ಶತಮಾನಗಳ ಕಾಲ ಬಾಯಿಂದ ಕಿವಿಗೆ ಸಾಗಿ ಬಂದವು. ಆದುದರಿಂದಲೇ ಶಾಸ್ತ್ರಕ್ಕೆ ಶ್ರುತವೆಂದೂ ಅದನ್ನು ಸಮಗ್ರವಾಗಿ ಬಲ್ಲ ಭದ್ರಬಾಹುವಿನಂಥವರಿಗೆ ಶ್ರುತಕೇವಲಿಗಳೆಂದೂ ಹೆಸರಾಯಿತು. ತಮ್ಮೊಡನೆಯೇ ವಿದ್ಯೆ ಅಳಿದೀತೆಂಬ ಆತಂಕದಿಂದ ಧರಸೇನಾಚಾರ್ಯರು ಗಿರಿನಾರಿನ ಗುಹೆಯಲ್ಲಿ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಬಾಯಿಪಾಠವಾಗಿ ಒಪ್ಪಿಸಿದ್ದೇ ಮುಂದೆ ಷಟ್ಖಂಡಾಗಮವಾಯಿತೆಂದು ಪ್ರತೀತಿ. ಆ ಕೃತಿ ಗ್ರಂಥರೂಪ ತಾಳಿದ ದಿನವನ್ನು ಶ್ರುತಪಂಚಮಿಯೆಂದು ಆಚರಿಸುವಾಗ ಭಕ್ತರು ಗ್ರಂಥಕ್ಕೆ ನಮಿಸುತ್ತಾರೆ. ಗ್ರಂಥಕ್ಕೂ ಹಿಂದಿದ್ದ ಎರಡು ಜೊತೆ ಕಿವಿಗಳು ನೆನಪಾಗುವುದು ಕಡಿಮೆ.

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದದಿಂದ ದಿನವೂ ಮಂಡ್ಯಕ್ಕೆ ಬಸ್ಸಿನಲ್ಲಿ ಓಡಾಡುವ ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬನಿಗೆ ಈ ಪದವನ್ನು ಅನ್ವಯಿಸಿದರೆ ಮೊದಲಿಗೆ ವಿಚಿತ್ರವೆನ್ನಿಸಬಹುದು. ಆತ ಮೂರು ವರ್ಷಗಳಿಂದ ಗಿಟಾರ್ ಅಭ್ಯಾಸ ಮಾಡುತ್ತಿದ್ದಾನೆ. ಗುರುವಿಲ್ಲ, ಮೊಬೈಲಿನ ಪರದೆಯೇ ಗುರು. ಯಾವ ತಂತಿಯ ಯಾವ ಮನೆಯಲ್ಲಿ ಬೆರಳಿಡಬೇಕೆಂಬುದನ್ನು ಅಂಕಿಗಳಲ್ಲಿ ತೋರಿಸುವ ಪಟಗಳನ್ನು ನೋಡಿ ನೋಡಿ ಬೆರಳುಗಳಿಗೆ ಒಳ್ಳೆಯ ವೇಗ ಬಂದಿದೆ. ನುಡಿಸಿದ್ದು ಮಾತ್ರ ಮಾತಾಗುತ್ತಿಲ್ಲ. ಅದು ಆತನಿಗೇ ತಿಳಿದಿದೆ. ಆತ ಕಲಿಯಬಯಸಿದ್ದು ಬ್ಲೂಸ್, ಅಂದರೆ ಅಮೆರಿಕದ ದಕ್ಷಿಣದ ಹತ್ತಿಯ ಹೊಲಗಳಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹಾಡುಗಾರಿಕೆ. ಏನನ್ನು ಕೇಳಬೇಕೆಂದು ಹುಡುಕಿದಾಗಲೆಲ್ಲ ದೊರೆತದ್ದು ಐವತ್ತು, ನೂರು ಧ್ವನಿಮುದ್ರಿಕೆಗಳ ಪಟ್ಟಿಗಳು. ನೂರು ಹೆಸರುಗಳ ಪಟ್ಟಿ ಗ್ರಂಥಾಲಯದ ಸೂಚಿಯಾದೀತು, ಪಾಠವಾಗಲಾರದು. ಎಲ್ಲವನ್ನೂ ಒಂದೊಂದು ಸಲ ಕೇಳಿ ಮುಗಿಸಿದ ಈ ತರುಣನ ಸ್ಥಿತಿ, ಪಂಪನಿಂದ ಮುದ್ದಣನವರೆಗೆ ಎಲ್ಲ ಕಾವ್ಯಗಳ ಸಾರಾಂಶವನ್ನು ಮಾತ್ರ ಓದಿ ಪರೀಕ್ಷೆಗೆ ಕುಳಿತವನಂತಾಗಿತ್ತು.

ಕೇಳುವಿಕೆಗೆ ಒಂದು ಕ್ರಮವಿದೆಯೆಂಬುದನ್ನು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಬಹಳ ಹಿಂದೆಯೇ ಸೂಚಿಸಿದೆ. ಇಂದ್ರಿಯದಿಂದ ಬರುವ ಅರಿವು ಅಲ್ಲಿ ನಾಲ್ಕು ಮೆಟ್ಟಿಲುಗಳಲ್ಲಿ ಬೆಳೆಯುತ್ತದೆ. ಏನೋ ಒಂದು ಕಿವಿಗೆ ಬಿತ್ತು ಎಂಬ ಮೊದಲ ಹಿಡಿತ ಅವಗ್ರಹ. ಅದೇನೆಂದು ತಿಳಿಯುವ ತವಕ ಈಹಾ. ಇಂಥದ್ದೇ ಎಂಬ ನಿರ್ಣಯ ಅವಾಯ. ತಿಳಿದದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದು ಧಾರಣೆ. ಆ ಸೂತ್ರಕಾರನ ಲಕ್ಷ್ಯದಲ್ಲಿ ಸಂಗೀತವಿರಲಿಲ್ಲವೆಂಬುದು ನಿಜ. ಆದರೆ ಪಟ್ಟಿಗಳನ್ನು ಹಿಡಿದು ಕೇಳುವವರು ಅವಗ್ರಹದಿಂದ ಮುಂದಿನ ಅವಗ್ರಹಕ್ಕೆ ಹಾರುತ್ತಾರೆಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ. ಗಿಟಾರ್ ಕಲಿಯುವವನಿಗೆ ಹತ್ತು ಹನ್ನೆರಡು ಧ್ವನಿಮುದ್ರಣಗಳು ಸಾಕು. ಒಂದೊಂದನ್ನೂ ಒಂದೊಂದು ಪ್ರಶ್ನೆಯನ್ನಿಟ್ಟುಕೊಂಡು ಧಾರಣೆಯವರೆಗೆ ಕೇಳಬೇಕು. ಕೈಯಲ್ಲಿ ವಾದ್ಯವಿಲ್ಲದಾಗಲೂ ಅದು ಮನಸ್ಸಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓಡುವಷ್ಟು.

ಮೊದಲು ಕೇಳಬೇಕಾದದ್ದು ಗಿಟಾರನ್ನಲ್ಲ ಎಂದರೆ ವಿದ್ಯಾರ್ಥಿಗಳಿಗೆ ನಿರಾಶೆಯಾಗುತ್ತದೆ. ಆದರೂ ಬ್ಲೂಸ್ ಹುಟ್ಟಿನಿಂದ ಹಾಡು, ಅದಕ್ಕೊಂದು ಛಂದಸ್ಸಿದೆ, ಮತ್ತು ಆ ಛಂದಸ್ಸು ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಅಪರಿಚಿತವೇನಲ್ಲ. ಬ್ಲೂಸ್ ಪದ್ಯಕ್ಕೆ ಮೂರು ಸಾಲು. ಮೊದಲ ಸಾಲು ಒಂದು ಮಾತನ್ನು ಹೇಳುತ್ತದೆ, ಎರಡನೆಯ ಸಾಲು ಅದೇ ಮಾತನ್ನು ಮತ್ತೆ ಹೇಳುತ್ತದೆ, ಮೂರನೆಯದು ಪ್ರಾಸದೊಡನೆ ಉತ್ತರ ಕೊಡುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಬೀಸುವ ಕಲ್ಲಿನವರೆಗೆ ಬಾಳಿ ಬಂದ ತ್ರಿಪದಿಯಲ್ಲೂ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಿಡಿದು ಮೂರನೆಯದಕ್ಕೆ ಇಳಿಯುವ ವಾಡಿಕೆ ಅದರಲ್ಲಿಯೂ ಉಂಟು. ಸಾಂಗತ್ಯದ ನಾಲ್ಕು ಸಾಲುಗಳು ಈ ಪುನರಾವೃತ್ತಿಯಿಂದಲೇ ಮೂಡಿರಬೇಕೆಂದು ಛಂದೋವಿದ್ವಾಂಸರು ಊಹಿಸಿದ್ದಾರೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದ ಕಾಲದಲ್ಲೇ ಮಿಸಿಸಿಪ್ಪಿಯ ಗಾಯಕರ ಹಾಡುಗಳು ಅರಗಿನ ತಟ್ಟೆಗಳ ಮೇಲೆ ಮುದ್ರಣಗೊಳ್ಳುತ್ತಿದ್ದವು. ಎರಡರ ನಡುವೆ ಯಾವ ಸಂಬಂಧವೂ ಇಲ್ಲ. ದುಡಿಮೆಯ ನಡುವೆ ಉಸಿರು ಸಿಗುವಷ್ಟು ಹೊತ್ತಿನಲ್ಲಿ ಮುಂದಿನ ಮಾತನ್ನು ಕಟ್ಟಿಕೊಳ್ಳಬೇಕಾದವರಿಗೆ ಪುನರುಕ್ತಿ ಎಲ್ಲಿಯಾದರೂ ಒಂದು ಅನುಕೂಲವೇ.

ಬ್ಲೂಸಿನ ಪುನರುಕ್ತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯ ರೂಪದಲ್ಲಿ ಪದ್ಯಕ್ಕೆ ಹನ್ನೆರಡು ಆವರ್ತ, ಸಾಲಿಗೆ ನಾಲ್ಕರಂತೆ. ಆವರ್ತಕ್ಕೆ ನಾಲ್ಕು ಎಣಿಕೆ. ಮೊದಲ ಸಾಲನ್ನು ಹಾಡುವಾಗ ಗಿಟಾರಿನ ಸ್ವರಮೇಳ ಷಡ್ಜದ ಮೇಲೆ ನಿಂತಿರುತ್ತದೆ. ಅದೇ ಸಾಲು ಮರಳಿ ಬಂದಾಗ ಕೆಳಗಿನ ನೆಲ ಶುದ್ಧ ಮಧ್ಯಮಕ್ಕೆ ಸರಿದಿರುತ್ತದೆ. ಮೂರನೆಯ ಸಾಲು ಪಂಚಮದಿಂದ ಹೊರಟು ಷಡ್ಜಕ್ಕೆ ಮರಳುತ್ತದೆ. ಮಾತು ಅದೇ, ನಿಂತ ನೆಲ ಬೇರೆ. ಆದುದರಿಂದ ಎರಡನೆಯ ಬಾರಿ ಕೇಳಿದಾಗ ಅದೇ ಮಾತಿನ ಅರ್ಥ ಸ್ವಲ್ಪ ಕದಲುತ್ತದೆ. ಇನ್ನು ಪ್ರತಿಯೊಂದು ಸಾಲಿನ ನಾಲ್ಕು ಆವರ್ತಗಳಲ್ಲಿ ಕಂಠ ತುಂಬುವುದು ಸುಮಾರು ಎರಡನ್ನು ಮಾತ್ರ. ಉಳಿದ ಜಾಗ ವಾದ್ಯದ ಉತ್ತರಕ್ಕೆ ಮೀಸಲು. ಗಿಟಾರ್ ವಿದ್ಯಾರ್ಥಿಯ ಕೆಲಸವೆಲ್ಲ ಆ ಉಳಿದ ಜಾಗದಲ್ಲಿದೆ. ಹಾಡಿದ ಮಾತೇನೆಂದು ಕೇಳದವನು ಅಲ್ಲಿ ಏನೆಂದು ಉತ್ತರಿಸಿಯಾನು?

ಈ ಕಾರಣಕ್ಕಾಗಿ ಮೊದಲ ಪಾಠಕ್ಕೆ ಬೆಸ್ಸಿ ಸ್ಮಿತ್ 1925ರಲ್ಲಿ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್' ಯೋಗ್ಯವಾದುದು. ಅದರಲ್ಲಿ ಗಿಟಾರೇ ಇಲ್ಲ. ಹಾರ್ಮೋನಿಯಮ್ಮಿನಂಥ ತಿದಿವಾದ್ಯವೊಂದು ಶ್ರುತಿ ಹಿಡಿದಿದೆ, ಲೂಯಿ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ಊದಿದ್ದಾರೆ. ಗಾಯಕಿ ಉಸಿರು ಬಿಟ್ಟಲ್ಲಿ ಕಾರ್ನೆಟ್ ಮಾತನ್ನು ಎತ್ತಿಕೊಳ್ಳುತ್ತದೆ. ಆಕೆ ಮರಳಿದೊಡನೆ ಬಾಗಿಲಲ್ಲಿ ದಾರಿ ಬಿಡುವವನಂತೆ ಸರಿದು ನಿಲ್ಲುತ್ತದೆ. ಗಿಟಾರಿಗರ ಪಟ್ಟಿಗಳಲ್ಲಿ ಬೆಸ್ಸಿ ಸ್ಮಿತ್ ಆಗಲಿ, ಆಕೆಗಿಂತ ಹಿರಿಯಳಾದ ಮಾ ರೈನಿ ಆಗಲಿ ಕಾಣಿಸಿಕೊಳ್ಳುವುದು ಅಪರೂಪ. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ತಟ್ಟೆ ಅಪಾರವಾಗಿ ಮಾರಾಟವಾದುದರಿಂದಲೇ ಕಂಪನಿಗಳಿಗೆ ಕಪ್ಪು ಗಾಯಕರನ್ನು ಹುಡುಕಿಕೊಂಡು ಹೋಗುವ ಧೈರ್ಯ ಬಂದದ್ದು. ಗಿಟಾರ್ ಹಿಡಿದ ಗಂಡಸರು ಆ ಬಾಗಿಲಿನಿಂದ ಅನಂತರ ಒಳಬಂದವರು.

ಗಿಟಾರಿನ ವಿಷಯಕ್ಕೆ ಬಂದರೆ ಕಾಲಾನುಕ್ರಮಕ್ಕಿಂತ ಕಿವಿಯ ಅನುಕ್ರಮ ಮುಖ್ಯ. ಮಿಸಿಸಿಪ್ಪಿ ಜಾನ್ ಹರ್ಟ್ 1928ರಲ್ಲಿ ಹಾಡಿದ ಮುದ್ರಣಗಳಲ್ಲಿ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಎಡಬಲ ಹೆಜ್ಜೆ ಹಾಕುತ್ತ ಒಂದೇ ನಡೆಯಲ್ಲಿ ಸಾಗುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡಿನ ವರಸೆಯನ್ನು ಹೇಳುತ್ತವೆ. ದನಿ ಮೆಲು, ಅವಸರವಿಲ್ಲ. ಒಂದು ವಾರ ಹೆಬ್ಬೆರಳನ್ನು ಮಾತ್ರ ಕೇಳಬೇಕು. ತಾಳ ಹಾಕುವವನು ಬೇರೆಯವನೆಂದು ಭ್ರಮೆಯಾಗುವಷ್ಟು ಅದು ಸ್ವತಂತ್ರವಾಗಿದೆ. ತಟ್ಟೆಗಳು ಮಾರಾಟವಾಗದೆ ಹರ್ಟ್ ತಮ್ಮ ಹಳ್ಳಿ ಅವಲಾನಿಗೆ ಮರಳಿ ಬೇಸಾಯ ಮಾಡಿಕೊಂಡಿದ್ದರು. ಒಂದು ಹಾಡಿನಲ್ಲಿ ಬಂದ ಊರ ಹೆಸರಿನ ಜಾಡು ಹಿಡಿದು ಹೋದವರೊಬ್ಬರಿಗೆ 1963ರಲ್ಲಿ ಸಿಕ್ಕಿದರು. ಶಾಸನದೊಳಗಿನ ಸ್ಥಳನಾಮವೊಂದರಿಂದ ಇತಿಹಾಸವನ್ನು ಬಿಡಿಸುವ ಸಂಶೋಧಕರಿಗೆ ಈ ಪ್ರಸಂಗ ಪ್ರಿಯವಾಗದಿರದು.

ಜಾರುಗಿಟಾರಿನ ಕಥೆ ಇನ್ನೂ ಸ್ವಾರಸ್ಯದ್ದು. ಸಂಗೀತಕಾರ ಡಬ್ಲ್ಯು. ಸಿ. ಹ್ಯಾಂಡಿ ಸುಮಾರು 1903ರಲ್ಲಿ ಮಿಸಿಸಿಪ್ಪಿಯ ಟಟ್‌ವೈಲರ್ ರೈಲುನಿಲ್ದಾಣದಲ್ಲಿ ತೂಕಡಿಸುತ್ತ ಕುಳಿತಿದ್ದಾಗ ಹರಕು ಬಟ್ಟೆಯ ಕಪ್ಪು ಮನುಷ್ಯನೊಬ್ಬ ಚಾಕುವನ್ನು ತಂತಿಗೊತ್ತಿ ಗಿಟಾರ್ ನುಡಿಸುತ್ತಿದ್ದುದನ್ನು ಕೇಳಿದರೆಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಹಾಡುಗಾರನ ಹೆಸರನ್ನು ಯಾರೂ ಕೇಳಿಟ್ಟುಕೊಳ್ಳಲಿಲ್ಲ. ತಂತಿಯ ಮೇಲೆ ಕಟ್ಟಿಗೆಯನ್ನೋ ಲೋಹವನ್ನೋ ಜಾರಿಸಿ ಸ್ವರದಿಂದ ಸ್ವರಕ್ಕೆ ಹರಿಯುವುದು ಭಾರತದ ಕಿವಿಗೆ ಹೊಸತಲ್ಲ. ಗೋಟುವಾದ್ಯ ನುಡಿಯುವುದೂ ಹಾಗೆಯೇ, ಸಂಗೀತರತ್ನಾಕರ ವರ್ಣಿಸುವ ಏಕತಂತ್ರಿಯದೂ ಅದೇ ಬಗೆ. ಮಿಸಿಸಿಪ್ಪಿಯ ಬಡ ಹುಡುಗರು ಗೋಡೆಗೆ ಮೊಳೆ ಹೊಡೆದು ಒಂದೇ ತಂತಿಯನ್ನು ಬಿಗಿದು, ಸೀಸೆಯನ್ನು ಜಾರಿಸಿ ಮೊದಲ ಸ್ವರಗಳನ್ನು ಕಲಿಯುತ್ತಿದ್ದರು. ಏಕತಾರಿಯ ನಾಡಿನವರಿಗೆ ಆ ಚಿತ್ರವನ್ನು ವಿವರಿಸಬೇಕಾಗಿಲ್ಲ.

ಈ ಜಾಡಿನಲ್ಲಿ ಒಂದನ್ನೇ ಕೇಳುವುದಾದರೆ ಕುರುಡ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರ ಡಿಸೆಂಬರಿನಲ್ಲಿ ಡಲ್ಲಾಸಿನಲ್ಲಿ ನುಡಿಸಿದ 'ಡಾರ್ಕ್ ವಾಸ್ ದಿ ನೈಟ್, ಕೋಲ್ಡ್ ವಾಸ್ ದಿ ಗ್ರೌಂಡ್' ಸಾಕು. ಕಟ್ಟುನಿಟ್ಟಾಗಿ ಹೇಳಿದರೆ ಅದು ಬ್ಲೂಸ್ ಅಲ್ಲ, ಕ್ರೈಸ್ತ ಸ್ತೋತ್ರವೊಂದರ ನೆರಳು. ಅದರಲ್ಲಿ ಒಂದೂ ಪದವಿಲ್ಲ. ಗಿಟಾರ್ ನರಳುತ್ತದೆ, ಕಂಠ ಅದರ ಜೊತೆಗೆ ಮೂಗಿನಲ್ಲಿ ಗುನುಗುತ್ತದೆ. ಯಾವುದು ಮೊದಲು ಹೊರಟಿತು, ಯಾವುದು ಹಿಂಬಾಲಿಸಿತು ಎಂದು ಹೇಳಲಾಗದು. ಕಲಿಯುವವನು ಇಟ್ಟುಕೊಳ್ಳಬೇಕಾದ ಪ್ರಶ್ನೆಯೂ ಅದೇ. 1977ರಲ್ಲಿ ಹಾರಿಬಿಟ್ಟ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಈ ಮೂರು ನಿಮಿಷಗಳ ನರಳಿಕೆಯೂ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಜೊತೆಯಾಗಿ ಸೌರಮಂಡಲದ ಅಂಚನ್ನು ದಾಟಿವೆ. ದುದ್ದದ ತರುಣ ಇವೆರಡನ್ನೂ ಒಂದಾದ ಮೇಲೊಂದು ಕೇಳಿದ್ದು ಬೆಳಗಿನ ಬಸ್ಸಿನಲ್ಲಿ. ಇಳಿಯಬೇಕಾದ ನಿಲ್ದಾಣ ದಾಟಿ ಮುಂದಕ್ಕೆ ಹೋಗಿದ್ದನಂತೆ.

ರಾಬರ್ಟ್ ಜಾನ್ಸನ್ ಕುರಿತು ಒಂದು ಎಚ್ಚರಿಕೆ ಅಗತ್ಯ. 1936 ಮತ್ತು 1937ರ ಎರಡು ಮುದ್ರಣಸಂದರ್ಭಗಳಲ್ಲಿ ಇಪ್ಪತ್ತೊಂಬತ್ತು ಹಾಡುಗಳನ್ನು ಬಿಟ್ಟು, 1938ರಲ್ಲಿ ಇಪ್ಪತ್ತೇಳರ ವಯಸ್ಸಿಗೆ ತೀರಿಕೊಂಡ ಈ ಗಾಯಕ ಕೂಡುರಸ್ತೆಯಲ್ಲಿ ಸೈತಾನನಿಗೆ ಆತ್ಮವನ್ನು ಮಾರಿ ವಿದ್ಯೆ ಪಡೆದನೆಂಬ ಐತಿಹ್ಯವಿದೆ. ಎಲ್ಲ ಪಟ್ಟಿಗಳೂ ಆತನಿಂದಲೇ ಆರಂಭವಾಗುತ್ತವೆ. ಆದರೆ ಆತ ಆರಂಭದವನಲ್ಲ, ಒಂದು ಪೀಳಿಗೆಯ ಕೇಳಿಕೆಯ ಫಲ. ಊರ ಹಿರಿಯರಿಂದ ಎದುರುಬದುರು ಕಲಿತಂತೆ, ಲಿರಾಯ್ ಕಾರ್, ಸ್ಕಿಪ್ ಜೇಮ್ಸ್ ಮೊದಲಾದವರ ತಟ್ಟೆಗಳಿಂದಲೂ ಆತ ಧಾರಾಳವಾಗಿ ಕಲಿತಿದ್ದಾನೆಂಬುದನ್ನು ಆತನ ಹಾಡುಗಳೇ ಹೇಳುತ್ತವೆ. ಧ್ವನಿಮುದ್ರಣದಿಂದ ಕಲಿಯುವುದು ಮೊಬೈಲ್ ಕಾಲದ ಕೊರತೆಯೇನೂ ಅಲ್ಲ. ಹೇಗೆ ಕೇಳಲಾಯಿತು ಎಂಬುದರಲ್ಲಿ ವ್ಯತ್ಯಾಸವಿದೆ. ಸೈತಾನನ ಕಥೆ ಆಕರ್ಷಕ, ಆದರೆ ಅದು ಒಬ್ಬ ಮನುಷ್ಯನ ಶ್ರಮವನ್ನು ಕದ್ದು ಇನ್ನೊಬ್ಬನಿಗೆ ಒಪ್ಪಿಸುತ್ತದೆ. ಆತನ ಗಿಟಾರನ್ನು ಮೊದಲ ಬಾರಿ ಕೇಳಿದ ಕೀತ್ ರಿಚರ್ಡ್ಸ್, ಜೊತೆಯಲ್ಲಿ ನುಡಿಸುತ್ತಿರುವ ಇನ್ನೊಬ್ಬನಾರೆಂದು ಕೇಳಿದ್ದರಂತೆ. ಹರ್ಟ್ ಅವರ ಹೆಬ್ಬೆರಳು ಕಿವಿಗೆ ನಾಟಿದ ಬಳಿಕ ಜಾನ್ಸನ್ ಬಳಿಗೆ ಹೋದರೆ ಆ ಇನ್ನೊಬ್ಬನ ಗುಟ್ಟು ತಾನಾಗಿ ತಿಳಿಯುತ್ತದೆ.

ಸ್ವರಗಳ ವಿಷಯದಲ್ಲಿ ಕರ್ನಾಟಕದ ವಿದ್ಯಾರ್ಥಿಗೆ ಒಂದು ಅನುಕೂಲವೂ ಒಂದು ಅಪಾಯವೂ ಇವೆ. ಪರದೆಯ ಪಾಠಗಳು ಬ್ಲೂಸಿಗೆಂದು ಮೊದಲು ಕಲಿಸುವ ಐದು ಸ್ವರಗಳೆಂದರೆ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಕಾಗದದ ಮೇಲೆ ಅದು ಶುದ್ಧ ಧನ್ಯಾಸಿಯೇ. ಸಮೀಪದ ಮೇಜರ್ ಪಂಚಸ್ವರಿ ಮೋಹನದ ಸ್ವರಗಳದ್ದು. ಆದರೆ ರಾಗವೆಂದರೆ ಸ್ವರಗಳ ಪಟ್ಟಿಯಷ್ಟೇ ಅಲ್ಲವೆಂದು ಬಲ್ಲವರು ಬ್ಲೂಸನ್ನೂ ಹಾಗೆ ಪಟ್ಟಿಗೆ ಇಳಿಸಬಾರದು. ಬ್ಲೂಸಿನ ಜೀವಸ್ವರವಾದ ಗಾಂಧಾರವು ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಇದೆ. ಗಿಟಾರಿನ ಮೆಟ್ಟಿಲುಗಳಲ್ಲಿ ಅದಕ್ಕೆ ಮನೆಯಿಲ್ಲ. ತಂತಿಯನ್ನು ಅಡ್ಡಲಾಗಿ ಎಳೆದು ಅದನ್ನು ಹುಡುಕಿಕೊಳ್ಳಬೇಕು. ಮೈಸೂರಿನ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಆಕಾಶವಾಣಿಯಲ್ಲಿ ಕೇಳಿ ಬೆಳೆದವರಿಗೆ, ಮೆಟ್ಟಿಲೊಂದರ ಮೇಲೆ ತಂತಿಯನ್ನೆಳೆದು ಮೇಲಿನ ಸ್ವರವನ್ನು ತೆಗೆಯುವ ಗಮಕದ ಪರಿಚಯವಿದ್ದೇ ಇರುತ್ತದೆ. ಎಡಗೈಯವರಾದ ಆಲ್ಬರ್ಟ್ ಕಿಂಗ್ ಬಲಗೈ ಗಿಟಾರನ್ನೇ ತಲೆಕೆಳಗಾಗಿ ಹಿಡಿದು ತಂತಿಗಳನ್ನು ಕೆಳಕ್ಕೆ ಸೆಳೆಯುತ್ತಿದ್ದರು. 1967ರ 'ಬಾರ್ನ್ ಅಂಡರ್ ಎ ಬ್ಯಾಡ್ ಸೈನ್' ಸಂಪುಟದಲ್ಲಿ ಸ್ವರಗಳ ಎಣಿಕೆ ಕಡಿಮೆ, ಎಳೆತಗಳ ಬಗೆ ಅನೇಕ. ಎಳೆದ ಸ್ವರ ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟದೆಯೇ ನಿಂತಿತು ಎಂದು ಕೇಳುವುದೊಂದು ತಿಂಗಳ ಕೆಲಸ.

ಬಿ. ಬಿ. ಕಿಂಗ್ ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಸ್ವರಮೇಳಗಳಲ್ಲಿ ತಮಗೆ ಹಿಡಿತವಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಜಾರುಗಿಟಾರ್ ನುಡಿಸುತ್ತಿದ್ದ ಬಂಧು ಬುಕ್ಕಾ ವೈಟ್ ಅವರ ನಾದ ತಮ್ಮ ಕೈಯಿಂದ ಹೊರಡದಿದ್ದಾಗ, ಬೆರಳನ್ನು ತಂತಿಯ ಮೇಲೆ ಅಲುಗಿಸಿ ಅದಕ್ಕೆ ಸಮೀಪವಾದುದನ್ನು ಕಂಡುಕೊಂಡರು. ಇಂದು ಲೋಕವೆಲ್ಲ ಅನುಕರಿಸುವ ಅವರ ಕಂಪಿತ ಹಾಗೆ ಹುಟ್ಟಿದ್ದು. 1964ರ ನವೆಂಬರಿನಲ್ಲಿ ಷಿಕಾಗೋದ ರೀಗಲ್ ರಂಗಮಂದಿರದಲ್ಲಿ ಮುದ್ರಿಸಿದ ಅವರ ಕಛೇರಿಯನ್ನು ಎಲ್ಲ ಪಟ್ಟಿಗಳೂ ಹೊಗಳುತ್ತವೆ, ಅದರಲ್ಲಿ ತಪ್ಪಿಲ್ಲ. ಸೇರಿಸಬೇಕಾದ ಮಾತು ಒಂದೇ: ಅಲ್ಲಿ ಪ್ರೇಕ್ಷಕರನ್ನು ಕೇಳಬೇಕು. ಪ್ರತಿ ಸಾಲಿನ ಕೊನೆಗೆ ಅವರು ಕೂಗುತ್ತಾರೆ, ನಗುತ್ತಾರೆ, ಮುಂದಿನ ಮಾತನ್ನು ಬೇಡುತ್ತಾರೆ. ಗಿಟಾರ್ ಉತ್ತರಿಸುತ್ತಿರುವುದು ಗಾಯಕನಿಗಷ್ಟೇ ಅಲ್ಲವೆಂದು ಆಗ ಹೊಳೆಯುತ್ತದೆ. ಅವರ ಮೌನಗಳನ್ನು ಎಣಿಕೆ ಹಾಕಿ ಅಳೆದು ನೋಡಿದ ದುದ್ದದ ತರುಣನಿಗೆ ತನ್ನ ವೇಗದ ಬಗ್ಗೆ ಮೊದಲ ಬಾರಿ ನಾಚಿಕೆಯಾಯಿತು.

ಉಳಿದವರ ಮಾತನ್ನು ಬೇಗ ಮುಗಿಸಬಹುದು. ಟಿ-ಬೋನ್ ವಾಕರ್ ಅವರ 1947ರ 'ಸ್ಟಾರ್ಮಿ ಮಂಡೇ'ಯನ್ನು ವಿದ್ಯುತ್ ಗಿಟಾರಿನ ಸಂಭಾಷಣೆಗಾಗಿ ಕೇಳಬೇಕು. ಫ್ರೆಡ್ಡಿ ಕಿಂಗ್ ಅವರ 'ಹೈಡ್ ಅವೇ'ಯನ್ನು, ಹಾಡಿಲ್ಲದೆಯೂ ಗಿಟಾರ್ ಪದ್ಯ ಕಟ್ಟಬಲ್ಲುದು ಹೇಗೆಂಬುದಕ್ಕಾಗಿ. ಮೆಂಫಿಸ್ ಮಿನ್ನಿಯನ್ನು, ಜೋಡಿ ಗಿಟಾರುಗಳ ಹೆಣಿಗೆಗಾಗಿ. ಅರುವತ್ತರ ದಶಕದ ಇಂಗ್ಲಿಷ್ ತರುಣರನ್ನು ಆಮೇಲೆ ಕೇಳಿದರೂ ನಷ್ಟವಿಲ್ಲ. ಅವರೂ ಇವನಂತೆಯೇ ದೂರದಿಂದ ಕೇಳಿ ಕಲಿತವರು. ಮಡ್ಡಿ ವಾಟರ್ಸ್ ಅವರದು ಮಾತ್ರ ಬೇರೆ ಪ್ರಸಂಗ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಮಿಸಿಸಿಪ್ಪಿಯ ಹೊಲಮನೆಯಲ್ಲಿ ಅವರ ಹಾಡನ್ನು ಮುದ್ರಿಸಿಕೊಂಡರು. ತಟ್ಟೆಯಿಂದ ಹೊರಟ ತನ್ನದೇ ದನಿಯನ್ನು ಕೇಳಿದಾಗ ತಾನೂ ಗಾಯಕನೆಂಬ ಧೈರ್ಯ ಆ ಟ್ರ್ಯಾಕ್ಟರ್ ಚಾಲಕನಿಗೆ ಬಂತು. 1943ರಲ್ಲಿ ಷಿಕಾಗೋಗೆ ಹೊರಟರು. ಸಂಶೋಧಕರು ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇಲ್ಲಿದೆ. ಆ ಕ್ಷೇತ್ರಕಾರ್ಯದ ಕೀರ್ತಿ ಬಹುಕಾಲ ಬಿಳಿಯ ಲೋಮ್ಯಾಕ್ಸ್ ಪಾಲಿಗೆ ಸಂದಿತು. ಕಪ್ಪು ವಿದ್ವಾಂಸ ಜಾನ್ ವರ್ಕ್ ಬರೆದ ಹಸ್ತಪ್ರತಿ ಎಲ್ಲೋ ಉಳಿದುಹೋಗಿ, ಗ್ರಂಥವಾಗಿ ಹೊರಬಂದದ್ದು 2005ರಲ್ಲಿ.

ಜಾನ್ ಲೀ ಹೂಕರ್ 1948ರಲ್ಲಿ ಮುದ್ರಿಸಿದ 'ಬೂಗಿ ಚಿಲನ್' ಈ ತರುಣನನ್ನು ಬಹಳ ದಿನ ಕಾಡಿತು. ಹನ್ನೆರಡು ಆವರ್ತಗಳ ಕಟ್ಟು ಅಲ್ಲಿಲ್ಲ, ಮಧ್ಯಮಕ್ಕೂ ಪಂಚಮಕ್ಕೂ ನೆಲ ಸರಿಯುವುದಿಲ್ಲ. ಒಂದೇ ಸ್ವರಮೇಳ, ಹಲಗೆಯನ್ನು ತುಳಿಯುವ ಪಾದದ ಸದ್ದು, ಅರ್ಧ ಹಾಡು ಅರ್ಧ ಮಾತು. ಕಥೆ ಮುಂದಕ್ಕೆ ಹೋಗಬೇಕೆನ್ನಿಸಿದಾಗ ಮಾತು, ನಿಲ್ಲಬೇಕೆನ್ನಿಸಿದಾಗ ಹಾಡು. ಇದನ್ನು ಎಲ್ಲಿಯೋ ಕೇಳಿದ್ದೇನಲ್ಲ ಎಂಬ ಅನುಮಾನದ ಬೆನ್ನು ಹತ್ತಿ ಆತ ತಲಪಿದ್ದು ಅಮೆರಿಕವನ್ನಲ್ಲ. ಆತನ ತಾಯಿಯ ತವರು ಮಳವಳ್ಳಿ ಸೀಮೆ. ಅಲ್ಲಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಒಕ್ಕಲಿನ ದೊಡ್ಡ ನೆಲೆ. ತಾಯಿಯ ಸೋದರಮಾವ ಆ ಪರಂಪರೆಯಲ್ಲಿ ದೀಕ್ಷೆ ಪಡೆದ ನೀಲಗಾರ.

ನೀಲಗಾರರ ಮೇಳದಲ್ಲಿ ತಂಬೂರಿ ಹಿಡಿದವನು ಮುಂದಾಳು. ದಮ್ಮಡಿ, ಗಗ್ಗರ, ತಾಳಗಳ ಹಿಮ್ಮೇಳ ಆತನ ಸಾಲಿನ ಕೊನೆಯನ್ನು ಎತ್ತಿಕೊಳ್ಳುತ್ತದೆ. ರಾತ್ರಿಯಿಡೀ ನಡೆಯುವ ಕಾವ್ಯದಲ್ಲಿ ಹಾಡೂ ಮಾತೂ ಸರದಿಯಲ್ಲಿ ಬರುತ್ತವೆ. ಕಲ್ಯಾಣದಲ್ಲಿ ಬಸವಣ್ಣನನ್ನು ಪರೀಕ್ಷಿಸಿದ ಮಂಟೇಸ್ವಾಮಿ ದಕ್ಷಿಣಕ್ಕೆ ನಡೆದು ಬಂದದ್ದು, ಮದ್ದೂರು ಸೀಮೆಯ ನಿಡಘಟ್ಟದ ಕೆಂಪಾಚಾರಿಯನ್ನು ಶಿಷ್ಯನಾಗಿ ಪಡೆದದ್ದು, ಆತ ಸಿದ್ದಪ್ಪಾಜಿಯಾಗಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆಗೆ ಹೋದದ್ದು: ಕಾವ್ಯದ ಭೂಗೋಳ ಈ ಜಿಲ್ಲೆಯ ಬಸ್ಸಿನ ಹಲಗೆಗಳ ಮೇಲೆ ಇಂದಿಗೂ ಓದಿಸಿಕೊಳ್ಳುತ್ತದೆ. ಜೀ. ಶಂ. ಪರಮಶಿವಯ್ಯನವರಿಂದ ಹಿ. ಚಿ. ಬೋರಲಿಂಗಯ್ಯನವರವರೆಗೆ ವಿದ್ವಾಂಸರು ಇದನ್ನು ಅಚ್ಚಿಗೆ ತಂದಿದ್ದಾರೆ. ಎಂ.ಎ. ತರಗತಿಯಲ್ಲಿ ಆ ತರುಣ ಅದನ್ನು ಓದಿದ್ದ, ಉತ್ತರ ಬರೆದು ಅಂಕವನ್ನೂ ಪಡೆದಿದ್ದ. ಅಚ್ಚಿನಲ್ಲಿ ತಂಬೂರಿ ಇಲ್ಲವೆಂಬುದು ಆಗ ಗಮನಕ್ಕೆ ಬಂದಿರಲಿಲ್ಲ.

ಹೋಲಿಕೆಯನ್ನು ಬಹಳ ಎಳೆಯಬಾರದು. ಬ್ಲೂಸಿನ ಹಾಡುಗಾರ ತನ್ನ ಸಂಕಟವನ್ನು 'ನಾನು' ಎಂದೇ ಹೇಳುತ್ತಾನೆ, ಅದೂ ಮೂರು ನಿಮಿಷದ ತಟ್ಟೆಗೆ ಹೊಂದುವಷ್ಟು. ನೀಲಗಾರ ಹೇಳುವುದು ಗುರುವಿನ ಕಥೆಯನ್ನು. ದೀಕ್ಷೆ, ಭಿಕ್ಷೆ, ಹರಕೆಗಳ ಆಚರಣೆಯೊಳಗಿನಿಂದ. ಒಂದು ಮಾರುಕಟ್ಟೆಗೆ ಬಂತು, ಇನ್ನೊಂದು ಬಹುಮಟ್ಟಿಗೆ ಮನೆಯಂಗಳದಲ್ಲಿ ಉಳಿಯಿತು. ಸಮಾನವಾದುದು ವಿದ್ಯೆ ದಾಟುವ ಬಗೆ. ಯುಗೊಸ್ಲಾವಿಯದ ಜನಪದ 'ಕವಿ'ಗಳನ್ನು ಅಧ್ಯಯನ ಮಾಡಿದ ಆಲ್ಬರ್ಟ್ ಲಾರ್ಡ್ ತಮ್ಮ 1960ರ ಗ್ರಂಥದಲ್ಲಿ ಗಾಯಕನ ಕಲಿಕೆಯ ಮೊದಲ ಘಟ್ಟವನ್ನು ಕೇಳುವುದು ಮಾತ್ರ ಎಂದು ಗುರುತಿಸುತ್ತಾರೆ. ಬಾಯಿ ತೆರೆಯುವ ಮುನ್ನ, ವಾದ್ಯ ಮುಟ್ಟುವ ಮುನ್ನ ವರ್ಷಗಳ ಕಾಲ ಹುಡುಗ ಬದಿಯಲ್ಲಿ ಕುಳಿತು ಕೇಳುತ್ತಾನೆ. ಕಥೆ, ಲಯ, ನುಡಿಗಟ್ಟುಗಳು ಆಗಲೇ ಒಳಗೆ ಇಳಿದಿರುತ್ತವೆ. ಓದುಬರಹದ ಹಂಗಿಲ್ಲದೆ ಕಾವ್ಯಪ್ರಯೋಗದಲ್ಲಿ ನುರಿತ ನಾಡವರನ್ನು ಕವಿರಾಜಮಾರ್ಗಕಾರ ಮೆಚ್ಚಿ ನುಡಿಯುವಾಗ ಆತನ ಮುಂದಿದ್ದವರೂ ಇಂಥ ಶ್ರಾವಕರೇ ಇರಬೇಕು.

ಸನ್ ಹೌಸ್ ಅವರ ಪ್ರಸಂಗ ಈ ಕಾರಣದಿಂದ ಮನಸ್ಸಿನಲ್ಲಿ ಉಳಿಯುತ್ತದೆ. 1930ರಲ್ಲಿ ತಟ್ಟೆಗಳಿಗೆ ಹಾಡಿದ, ಜಾನ್ಸನ್ ಮತ್ತು ಮಡ್ಡಿ ವಾಟರ್ಸ್ ಇಬ್ಬರಿಗೂ ಮಾದರಿಯಾಗಿದ್ದ ಈ ಹಿರಿಯ 1964ರಲ್ಲಿ ಅಭಿಮಾನಿಗಳಿಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಸಿಕ್ಕಾಗ ಅವರ ಬಳಿ ಗಿಟಾರೇ ಇರಲಿಲ್ಲ. ವರ್ಷಗಳಿಂದ ನುಡಿಸದೆ ತಮ್ಮ ಹಾಡುಗಳೇ ಮರೆತಿದ್ದವು. ಹಳೆಯ ತಟ್ಟೆಗಳನ್ನು ಕೇಳಿ ಕೇಳಿ ಅವನ್ನು ಕಂಠಪಾಠ ಮಾಡಿದ್ದ ಅಲನ್ ವಿಲ್ಸನ್ ಎಂಬ, ಇಪ್ಪತ್ತನ್ನು ಆಗಷ್ಟೇ ದಾಟಿದ ಬಿಳಿಯ ತರುಣ ಎದುರು ಕುಳಿತು, ಸನ್ ಹೌಸ್ ಹಾಡನ್ನು ಸನ್ ಹೌಸ್ ಅವರಿಗೇ ತಿರುಗಿ ಕಲಿಸಿಕೊಟ್ಟ. ಮರುವರ್ಷ ಅವರು ಮುದ್ರಿಸಿದ ಸಂಪುಟದಲ್ಲಿ, ಬರಿ ಕಂಠ ಮತ್ತು ಚಪ್ಪಾಳೆಗಳಲ್ಲೇ ಸಾಗುವ ಹಾಡೊಂದಿದೆ. ಗಿಟಾರ್ ವಿದ್ಯಾರ್ಥಿಯ ಪಟ್ಟಿಯಲ್ಲಿ ಅದು ಇರಲೇಬೇಕು.

ದುದ್ದದ ತರುಣ ಕಳೆದ ವರ್ಷ ಹರಕೆಯ ಮನೆಯೊಂದರಲ್ಲಿ ಅಜ್ಜನ ಹಿಂದೆ ಒಂದು ರಾತ್ರಿ ಕುಳಿತ. ಗಿಟಾರನ್ನು ಒಯ್ದಿರಲಿಲ್ಲ. ಕೈಗೆ ತಾಳ ಕೊಟ್ಟರು. ಎರಡು ಸಲ ತಪ್ಪಿದ ಮೇಲೆ ಕಿತ್ತುಕೊಂಡು ಇನ್ನೊಬ್ಬರಿಗೆ ಕೊಟ್ಟರು. ಅನಂತರ ಕೇಳುವುದಷ್ಟೇ ಉಳಿಯಿತು. ಅಜ್ಜನ ಶ್ರುತಿ ನಡುರಾತ್ರಿಯ ಹೊತ್ತಿಗೆ ಸ್ವಲ್ಪ ಮೇಲಕ್ಕೆ ಸರಿದದ್ದು, ಹಾಡಿನಿಂದ ಮಾತಿಗೆ ದಾಟುವಾಗ ತಂಬೂರಿ ಒಂದೆಣಿಕೆ ಮೊದಲೇ ಸೂಚನೆ ಕೊಡುವುದು, ಹಿಮ್ಮೇಳದವರ ಹೂಂಕಾರ ತಡವಾದರೆ ಅಜ್ಜ ಅದೇ ಸಾಲನ್ನು ಮರಳಿ ಹೇಳುವುದು: ಇವೆಲ್ಲ ಆತನಿಗೆ ಕೇಳಿಸಿದವು. ಮೂರು ವರ್ಷಗಳ ಹಿಂದೆ ಇವು ಕೇಳಿಸುತ್ತಿರಲಿಲ್ಲ. ಮೊಬೈಲಿನಲ್ಲಿ ಮೂರು ಗಂಟೆಗಳಷ್ಟು ಮುದ್ರಿಸಿಕೊಂಡಿದ್ದಾನೆ. ನಡುನಡುವೆ ನಾಯಿ ಬೊಗಳುತ್ತದೆ, ಒಂದು ಕಡೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಅಜ್ಜನಿಗೆ ಎಂಬತ್ತು ದಾಟಿದೆ. ಜೊತೆಯಲ್ಲಿ ದನಿ ಕೂಡಿಸುತ್ತಿದ್ದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಆ ಮನೆಯಲ್ಲಿ ತಂಬೂರಿಯನ್ನು ಮುಂದೆ ಹಿಡಿಯುವವರು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ.

ಆ ಮುದ್ರಣದಲ್ಲಿ ಹಲಗೂರಿನ ಸಾಲಿನ ಒಂದೆಡೆ, ಸಿದ್ದಪ್ಪಾಜಿಯನ್ನು ಪಾಂಚಾಳರು ಪರೀಕ್ಷೆಗೊಡ್ಡುವಲ್ಲಿ, ತಂಬೂರಿ ನಿಂತುಹೋಗುತ್ತದೆ. ಕಂಠ ಮಾತ್ರ ಮುಂದುವರಿಯುತ್ತದೆ. ತಂತಿ ಹರಿದಿತ್ತೇ, ಕೈ ಸೋತಿತ್ತೇ ಎಂದು ತರುಣ ಕೇಳಿದ್ದಕ್ಕೆ ಅಜ್ಜ, "ಅಲ್ಲಿ ತಂತೀಗೇನ್ ಕೆಲ್ಸ ಮಗಾ?" ಎಂದರಂತೆ. ಆ ಜಾಗವನ್ನು ಆತ ಇಪ್ಪತ್ತು ಸಲವಾದರೂ ಕೇಳಿದ್ದಾನೆ. ಉಳಿದ ಸಾಲುಗಳು ಇನ್ನೂ ಮುದ್ರಣವಾಗಿಲ್ಲ. ಜನವರಿಯಲ್ಲಿ ಚಿಕ್ಕಲ್ಲೂರಿನ ಜಾತ್ರೆ ಮುಗಿದ ಮೇಲೆ ಬಾ ಎಂದು ಹೇಳಿ ಕಳುಹಿಸಿದ್ದಾರೆ.